ಬೆಳಕು ಎಲ್ಲಿಂದ ಬರುತ್ತಿದೆ? ನಿರ್ದೇಶಕ–ಛಾಯಾಗ್ರಾಹಕ ಜೋಡಿಗಳ ಮೂಲಕ ಹಳೆಯ ಚಿತ್ರಗಳನ್ನು ನೋಡುವ ಟಿಪ್ಪಣಿ

ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಾದ ನಮಗೆ 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ' ಮೊದಲು ಸಿಗುವುದು ಸಾಹಿತ್ಯದ ತರಗತಿಯಲ್ಲಿ, ಕತೆ ಕಾದಂಬರಿಗಳಾಗಿ. ಹಾಗಾಗಿ ಚಿತ್ರ ನೋಡಿ ಮುಗಿದ ಮೇಲೂ ನಮ್ಮ ಚರ್ಚೆ ಪಾತ್ರ, ವಸ್ತು, ಮೂಲಕ್ಕೆ ನಿಷ್ಠೆ ಇಷ್ಟರಲ್ಲೇ ಸುತ್ತುತ್ತದೆ. ಪರದೆಯ ಮೇಲೆ ಕಂಡದ್ದರ ಬಗ್ಗೆ ಮಾತೇ ಬರುವುದಿಲ್ಲ. ಈ ಟಿಪ್ಪಣಿಯಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗುತ್ತೇನೆ: ಈ ಶಾಟ್‌ನಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ, ಅಲ್ಲಿಂದಲೇ ಯಾಕೆ ಬರಬೇಕಿತ್ತು? 'ಎಲ್ಲಿಂದ' ಎಂದು ಕೇಳಿದರೆ ಛಾಯಾಗ್ರಾಹಕರ ಕೆಲಸ ಕಾಣತೊಡಗುತ್ತದೆ. 'ಯಾಕೆ' ಎಂದು ಕೇಳಿದರೆ ನಿರ್ದೇಶಕರ ಮನಸ್ಸು. ಒಳ್ಳೆಯ ಜೋಡಿಗಳಲ್ಲಿ ಈ ಎರಡು ಉತ್ತರಗಳನ್ನು ಬಿಡಿಸಿ ಹೇಳುವುದು ಕಷ್ಟ. ಆ ಕಷ್ಟವೇ ನಮಗೆ ಅಧ್ಯಯನದ ವಸ್ತು.

ಮೊದಲು ಮೂರು ಮಾತು ಗೊತ್ತಿರಲಿ. ಮುಖದ ಮೇಲೆ ಬೀಳುವ ಮುಖ್ಯ ಬೆಳಕು ಕೀ ಲೈಟ್. ಅದು ಮಾಡುವ ನೆರಳನ್ನು ಸ್ವಲ್ಪ ತಿಳಿಗೊಳಿಸುವುದು ಫಿಲ್ ಲೈಟ್. ಹಿಂದಿನಿಂದ ಬಂದು ತಲೆ, ಹೆಗಲುಗಳ ಅಂಚನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು ಬ್ಯಾಕ್ ಲೈಟ್. ಫಿಲ್ ಕಡಿಮೆ ಮಾಡಿದಷ್ಟೂ ನೆರಳು ಗಾಢವಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಮನೆಯಲ್ಲೇ ನೋಡಬಹುದು. ನಮ್ಮ ಊರಿನ ಹಳೆಯ ಹಂಚಿನ ಮನೆಗಳಲ್ಲಿ ಅಡುಗೆಕೋಣೆಯ ಮಾಡಿಗೆ ಒಂದೆರಡು ಗಾಜಿನ ಹಂಚು ಇಟ್ಟಿರುತ್ತಾರಲ್ಲ, ಬೆಳಗ್ಗೆ ಹತ್ತು ಗಂಟೆಗೆ ಅದರ ಕೆಳಗೆ ಯಾರನ್ನಾದರೂ ನಿಲ್ಲಿಸಿ. ಹಣೆ, ಮೂಗಿನ ತುದಿ ಬೆಳಗುತ್ತವೆ, ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಹತ್ತಿರ ಒಂದು ಬಿಳಿ ಮುಂಡು ಹರಡಿ ಹಿಡಿದರೆ ಕಣ್ಣುಗಳು ಮರಳಿ ಬರುತ್ತವೆ. ಒಲೆಯಿಂದ ಹೊಗೆ ಎದ್ದರೆ ಬೆಳಕಿನ ಕೋಲೇ ಕಾಣುತ್ತದೆ, ಏಕೆಂದರೆ ಕಿರಣ ತಾನಾಗಿ ಕಾಣುವುದಿಲ್ಲ. ಹೊಗೆಯ ಅಥವಾ ಧೂಳಿನ ಕಣಗಳಿಗೆ ತಾಗಿ ಚದುರಿದಾಗಷ್ಟೇ ಕಾಣುತ್ತದೆ.

ಈ ಕೊನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು 'ಕಾಗಜ್ ಕೆ ಫೂಲ್' (1959) ನೋಡಬೇಕು.

ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಪಡುಕೋಣೆ ಮನೆತನದವರು. ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 'ಬಾಝಿ'ಯಲ್ಲಿ (1951) ಮೂರ್ತಿ ಸಹಾಯಕರು. 'ಜಾಲ್'ನಿಂದ (1952) ಗುರುದತ್ತರ ಛಾಯಾಗ್ರಾಹಕರು. 'ಪ್ಯಾಸಾ' (1957), 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಇದೇ ಜೋಡಿಯ ಕೆಲಸ. ಮೂರನೆಯದಕ್ಕೆ ನಿರ್ದೇಶಕರೆಂದು ಅಬ್ರಾರ್ ಅಲ್ವಿಯವರ ಹೆಸರಿದೆ. ಆದರೂ ಚೌಕಟ್ಟುಗಳಲ್ಲಿ ಗುರುದತ್–ಮೂರ್ತಿಯವರ ಗುರುತು ತಪ್ಪದೆ ಕಾಣುತ್ತದೆ, ಮತ್ತು ಒಂದು ಚಿತ್ರದ ಶೈಲಿ ನಿರ್ದೇಶಕ ಎಂಬ ಒಂದೇ ಹೆಸರಿಗೆ ಸೇರಿದ್ದಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್‌ನಲ್ಲಿ ವಿಶೇಷ ಲೆನ್ಸ್ ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿನ ಮೇಲೆ ಕೂರಿಸುತ್ತದೆ, ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಹರಡುತ್ತದೆ. ಅದಕ್ಕೆ ಮೊದಲಿನ ಚೌಕಟ್ಟು ಸುಮಾರು 1.37:1 ಅಳತೆಯದು, ಹೆಚ್ಚುಕಡಿಮೆ ಚೌಕ. ಸ್ಕೋಪ್ ಚೌಕಟ್ಟು 2.35:1ರ ಹತ್ತಿರ. ಇದರಿಂದ ನಿರ್ದೇಶಕರಿಗೆ ಒಂದು ತೊಡಕು ಬರುತ್ತದೆ: ಒಬ್ಬರ ಮುಖ ತೋರಿಸಿದರೆ ಎರಡೂ ಬದಿಯಲ್ಲಿ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿಯನ್ನು ಏನು ಮಾಡುವುದು? ಗುರುದತ್ ಅದನ್ನು ತುಂಬಲು ಹೋಗಲಿಲ್ಲ, ಅದನ್ನೇ ವಿಷಯ ಮಾಡಿಕೊಂಡರು. ಸೋತುಹೋಗುವ ಸಿನಿಮಾ ನಿರ್ದೇಶಕನ ಕತೆಗೆ ಬರಿದಾದ ಸ್ಟುಡಿಯೊಕ್ಕಿಂತ ದೊಡ್ಡ ಪಾತ್ರ ಬೇಕಿಲ್ಲ.

'ವಕ್ತ್ ನೆ ಕಿಯಾ' ಹಾಡನ್ನು ಶಬ್ದ ಪೂರ್ತಿ ತೆಗೆದು ಒಮ್ಮೆ ನೋಡಿ. ಕತ್ತಲೆಯ ಸ್ಟುಡಿಯೊದಲ್ಲಿ ಮೇಲಿನಿಂದ ಓರೆಯಾಗಿ ಒಂದು ದಪ್ಪ ಬೆಳಕಿನ ಕಂಬ ಇಳಿಯುತ್ತದೆ. ಆ ನಿರ್ದೇಶಕ ಮತ್ತು ಅವನ ಚಿತ್ರದ ನಾಯಕಿ ದೂರದೂರ ನಿಂತಿರುತ್ತಾರೆ. ಸ್ಟುಡಿಯೊದ ದೀಪಗಳಲ್ಲಿ ಇಂಥ ಕಿರಣ ಸುಲಭಕ್ಕೆ ಬರುವುದಿಲ್ಲ. ದೀಪ ಹತ್ತಿರವಿರುವುದರಿಂದ ಅದರ ಬೆಳಕು ಅಗಲಿಸುತ್ತಾ ಹೋಗುತ್ತದೆ. ಸೂರ್ಯ ಬಹುದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಮೂರ್ತಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಹಿಡಿದು ಒಳಕ್ಕೆ ತಿರುಗಿಸಿದರು. ಇದನ್ನು ಬರೀ ಜಾಣತನದ ಕತೆಯಾಗಿ ಹೇಳಿ ಮುಗಿಸಬೇಡಿ. ಸೂರ್ಯ ಸರಿಯುತ್ತಲೇ ಇರುತ್ತಾನೆ, ಕನ್ನಡಿಯ ಕೋನ ಬದಲಾಗುತ್ತಲೇ ಇರಬೇಕು. ಅಂದರೆ ಶಾಟ್ ಎಷ್ಟು ಹೊತ್ತಿಗೆ ತೆಗೆಯಬೇಕು, ನಟರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಕಿರಣಕ್ಕೆ ಹೊಂದಿಕೊಳ್ಳಬೇಕು. ನಿರ್ದೇಶಕನೊಬ್ಬ ತನ್ನ ದೃಶ್ಯವನ್ನು ಛಾಯಾಗ್ರಾಹಕನ ಬೆಳಕಿಗೆ ಒಪ್ಪಿಸಿಕೊಡುವುದು ಎಂದರೆ ಇದು. ಚಿತ್ರ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಮೂರ್ತಿಯವರಿಗೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಅವರು ಕನ್ನಡದಲ್ಲಿ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಹಿಡಿದವರು ಎಂಬುದು ನಮ್ಮಲ್ಲಿ ಹೆಚ್ಚಿನವರ ನೆನಪಿನಲ್ಲೇ ಇಲ್ಲ.

ಇದಕ್ಕೆ ಪೂರ್ತಿ ಎದುರು ದಿಕ್ಕಿನದು ಸುಬ್ರತೋ ಮಿತ್ರರ ಕೆಲಸ. ಸತ್ಯಜಿತ್ ರಾಯ್ 'ಅಪರಾಜಿತೋ' (1956) ಮಾಡುವಾಗ ಕಾಶಿಯ ಮನೆಯ ಒಳ ಅಂಗಳವನ್ನು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಕಲ್ಕತ್ತದ ಸ್ಟುಡಿಯೊದಲ್ಲಿ ಕಟ್ಟಿದರು. ನಿಜವಾದ ಅಂಗಳಕ್ಕೆ ಬೆಳಕು ಆಕಾಶದಿಂದ ಇಳಿಯುತ್ತದೆ, ನೆರಳಿನ ಗಡಸು ಅಂಚು ಇರುವುದಿಲ್ಲ. ಸ್ಟುಡಿಯೊದ ನೇರ ದೀಪಗಳು ಇದನ್ನು ಹಾಳುಮಾಡುತ್ತವೆ ಎಂಬುದು ಮಿತ್ರರ ಆತಂಕ. ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ಹೊಡೆಸಿ, ಅಲ್ಲಿಂದ ಮರಳುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಇದೇ ಬೌನ್ಸ್ ಲೈಟಿಂಗ್. ಮೂರ್ತಿಯವರ ಬೆಳಕು 'ನನ್ನನ್ನು ನೋಡು' ಎನ್ನುತ್ತದೆ, ಮಿತ್ರರದ್ದು ತನ್ನನ್ನು ಮರೆಸಿ ಮನೆಯನ್ನು ತೋರಿಸುತ್ತದೆ. ಯಾವುದು ಮೇಲು ಎಂಬ ಜಗಳ ಬೇಡ. ಗುರುದತ್ತರಿಗೆ ಮಿತ್ರರ ಬೆಳಕು, ರಾಯ್ ಅವರಿಗೆ ಮೂರ್ತಿಯವರ ಬೆಳಕು ಒಗ್ಗುತ್ತಿರಲಿಲ್ಲ ಎಂದು ಊಹಿಸಿಕೊಂಡರೆ ಸಾಕು.

ಈಗ ಕನ್ನಡಕ್ಕೆ ಬರೋಣ. 'ಸಂಸ್ಕಾರ' (1970) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, 'ಕಾಡು' (1973) ಚಿತ್ರಕ್ಕೆ ಮೂರ್ತಿಯವರ ಶಿಷ್ಯ ಗೋವಿಂದ ನಿಹಲಾನಿ. ಆಮೇಲೆ ಎಸ್. ರಾಮಚಂದ್ರ ಬರುತ್ತಾರೆ. ಬಿ.ವಿ. ಕಾರಂತರ 'ಚೋಮನ ದುಡಿ' (1975), ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977), ಎರಡಕ್ಕೂ ಸ್ವರ್ಣಕಮಲ (ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ), ಎರಡರ ಛಾಯಾಗ್ರಾಹಕರೂ ಅವರೇ. (ಪರೀಕ್ಷೆಗೆ ಓದುವವರು ಗಮನಿಸಿ: ಕಾಸರವಳ್ಳಿಯವರ 'ತಾಯಿಸಾಹೇಬ', 'ದ್ವೀಪ' ಚಿತ್ರಗಳ ಎಚ್.ಎಂ. ರಾಮಚಂದ್ರ ಬೇರೆಯವರು. 'ದ್ವೀಪ'ದ ಮಳೆಗೆ ರಾಷ್ಟ್ರಪ್ರಶಸ್ತಿ ಪಡೆದವರು ಅವರು.)

'ಘಟಶ್ರಾದ್ಧ'ದಲ್ಲಿ ನಾವು ಹೆಚ್ಚಾಗಿ ಕಾಣುವುದು ವೇದಪಾಠಶಾಲೆಗೆ ಬಂದ ಹುಡುಗ ನಾಣಿ ಕಂಡಷ್ಟನ್ನೇ. ಅಲ್ಲಿನ ಗುರುಗಳ ವಿಧವೆ ಮಗಳು ಯಮುನಕ್ಕನಿಗೆ ಏನಾಗಿದೆ ಎಂದು ಅವನಿಗೆ ಪೂರ್ತಿ ತಿಳಿಯುವುದಿಲ್ಲ. ಅನಂತಮೂರ್ತಿಯವರ ಕತೆ ಇದನ್ನು ಹುಡುಗನ ಮಾತಿನಲ್ಲಿ ಸಾಧಿಸುತ್ತದೆ. ಸಿನಿಮಾಕ್ಕೆ ಆ ದಾರಿ ಇಲ್ಲ, ಏಕೆಂದರೆ ಕ್ಯಾಮೆರಾ ತೆರೆದ ಕೂಡಲೇ ಎಲ್ಲವೂ ಕಾಣಿಸಿಬಿಡುತ್ತದೆ. ಹಾಗಾದರೆ ತಿಳಿಯದಿರುವುದನ್ನು ತೋರಿಸುವುದು ಹೇಗೆ? ಕತ್ತಲೆಯಿಂದ. ಯಮುನ ಹುತ್ತದಲ್ಲಿ ಕೈಯಿಡುವ ದೃಶ್ಯವನ್ನು ನೋಡುವಾಗ ನಿಮಗೆ ಎಷ್ಟು ಕಾಣುತ್ತಿದೆ, ಎಷ್ಟು ಕಾಣುತ್ತಿಲ್ಲ ಎಂದು ಬರೆದಿಟ್ಟುಕೊಳ್ಳಿ. ಹಾಗೆಯೇ ರಾತ್ರಿಯ ದೃಶ್ಯಗಳಲ್ಲಿ ದೀಪ ಚೌಕಟ್ಟಿನ ಒಳಗೇ ಇದೆಯೋ, ಹೊರಗಿದೆಯೋ ಹುಡುಕಿ. ಆ ಕಾಲದ ಕಪ್ಪುಬಿಳುಪು ಫಿಲ್ಮಿಗೆ ಒಂದು ಎಣ್ಣೆದೀಪದ ಬೆಳಕು ಸಾಲುತ್ತಿರಲಿಲ್ಲ. ಆದ್ದರಿಂದ ದೀಪ ಇರುವ ದಿಕ್ಕಿನಿಂದಲೇ ಕಾಣದಂತೆ ಇನ್ನೊಂದು ವಿದ್ಯುದ್ದೀಪ ಕೊಡುವುದು ಛಾಯಾಗ್ರಾಹಕರ ರೂಢಿ. ಹಾಗೆ ಬೆಳಕು ಕಡಿಮೆಯಿದ್ದಾಗ ಲೆನ್ಸಿನ ಕಂಡಿಯನ್ನು ಅಗಲ ತೆರೆಯಬೇಕಾಗುತ್ತದೆ, ತೆರೆದಷ್ಟೂ ಫೋಕಸ್ ಹಿಡಿಯುವ ಆಳ ಕಿರಿದಾಗುತ್ತದೆ. ನಟ ಅರ್ಧ ಅಡಿ ಮುಂದೆ ಬಂದರೂ ಮುಖ ಮಸುಕು. ಹೀಗಾಗಿ ರಾತ್ರಿಯ ದೃಶ್ಯದಲ್ಲಿ ಪಾತ್ರಗಳು ಕದಲದೆ ಕೂತಿದ್ದರೆ ಅದರಲ್ಲಿ ನಿರ್ದೇಶಕರ ಮನಸ್ಸೂ ಇರಬಹುದು, ಲೆನ್ಸಿನ ಒತ್ತಾಯವೂ ಇರಬಹುದು. ದೊಡ್ಡ ನಿರ್ದೇಶಕರು ಆ ಒತ್ತಾಯವನ್ನೂ ಅರ್ಥವಾಗಿ ತಿರುಗಿಸಿಕೊಳ್ಳುತ್ತಾರೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಳನ್ನು ನಾಣಿ ಹಾಡುಹಗಲಲ್ಲಿ ನೋಡುತ್ತಾನೆ. ಇಷ್ಟು ಹೊತ್ತು ಕತ್ತಲೆ ಮುಚ್ಚಿಟ್ಟದ್ದನ್ನು ಬೆಳಕು ಎಂಥ ನಿರ್ದಯೆಯಿಂದ ತೆರೆದಿಡುತ್ತದೆ ಎಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ.

ಇಲ್ಲೊಂದು ಮುಖ್ಯ ಸೂಚನೆ. ಇಂಥ ಚಿತ್ರವನ್ನು ಮೊಬೈಲಿನಲ್ಲಿ, ಎಲ್ಲಿಂದಲೋ ಇಳಿಸಿಕೊಂಡ ಮಂಕು ಪ್ರತಿಯಲ್ಲಿ ನೋಡಿ ಛಾಯಾಗ್ರಹಣದ ಬಗ್ಗೆ ತೀರ್ಪು ಕೊಡಬೇಡಿ. ಕಪ್ಪಿನೊಳಗಿನ ಬೂದು ಛಾಯೆಗಳೆಲ್ಲ ಅಲ್ಲಿ ಸತ್ತಿರುತ್ತವೆ. 'ಘಟಶ್ರಾದ್ಧ'ದ ಪುನಶ್ಚೇತನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ಅವಕಾಶ ಸಿಕ್ಕಿದಲ್ಲಿ ಅದನ್ನೇ ನೋಡಿ.

ನಮಗೆ ಮಲಯಾಳವೂ ಮನೆಯ ಅಂಗಳದಷ್ಟೇ ಹತ್ತಿರ. ಈ ಭಾಗ್ಯವನ್ನು ಕನ್ನಡದ ಚಿತ್ರಾಸಕ್ತರು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. ಅಡೂರು ಗೋಪಾಲಕೃಷ್ಣನ್ ಮತ್ತು ಮಂಕಡ ರವಿವರ್ಮ 'ಸ್ವಯಂವರಂ'ನಿಂದ (1972) ಮೂರು ದಶಕ ಜೊತೆಗಿದ್ದರು. 'ಎಲಿಪ್ಪತ್ತಾಯಂ' (1981) ಅಡೂರರ ಮೊದಲ ಬಣ್ಣದ ಚಿತ್ರ. ಬಣ್ಣ ಸಿಕ್ಕಿತೆಂದು ಅವರು ಚೆಲ್ಲಲಿಲ್ಲ: ಅಕ್ಕ ರಾಜಮ್ಮನಿಗೆ ನೀಲಿ, ತಂಗಿ ಶ್ರೀದೇವಿಗೆ ಕೆಂಪು ಎಂದು ಹಂಚಿಟ್ಟರು. ತರವಾಡಿನ (ಹಳೆಯ ಮನೆತನದ ಮನೆಯ) ಮಬ್ಬು ಕೋಣೆಗಳಲ್ಲಿ ಆ ಬಣ್ಣ ಸತ್ತೂ ಹೋಗಬಾರದು, ಕಿರುಚಲೂ ಬಾರದು. ಆ ತೂಕ ರವಿವರ್ಮರದ್ದು. ಜಗಲಿ, ಚಾವಡಿ ಇರುವ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳ ಮಧ್ಯಾಹ್ನ ಕಳೆದವರಿಗೆ ಆ ಮಬ್ಬು ಗುರುತು ಸಿಗುತ್ತದೆ.

ಜಿ. ಅರವಿಂದನ್ ಮತ್ತು ಶಾಜಿ ಎನ್. ಕರುಣ್ ಜೋಡಿಯದ್ದು ಬಯಲಿನ ಬೆಳಕು. 'ಕುಮ್ಮಾಟ್ಟಿ' (1979) ಚಿತ್ರೀಕರಣವಾದದ್ದು ನಮ್ಮ ಜಿಲ್ಲೆಯ ಚೀಮೇನಿಯಲ್ಲಿ. ಆಗ ಕಾಸರಗೋಡು ಇನ್ನೂ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1984ರಲ್ಲಿ. ಮುರಕಲ್ಲಿನ ಬೋಳು ಪದವು (ಎತ್ತರದ ಬಯಲು), ಅದರ ಮೇಲೆ ಬೊಗಸೆಯಷ್ಟು ಕಾಣುವ ಮಕ್ಕಳು, ಉಳಿದದ್ದೆಲ್ಲ ಆಕಾಶ. ಪದವಿನಲ್ಲಿ ನೆರಳಿಗೆ ಮರವಿಲ್ಲ, ನಡುಮಧ್ಯಾಹ್ನದ ಬೆಳಕು ಮುಖಗಳನ್ನು ಕೆಡಿಸುತ್ತದೆ. ಅರವಿಂದನ್ ಮುಖಗಳ ಬೆನ್ನು ಹತ್ತಲಿಲ್ಲ, ದೂರದ ಶಾಟ್‌ಗಳಲ್ಲಿ ನೆಲವನ್ನೂ ಋತುವನ್ನೂ ಹಿಡಿದರು. ಮಾಂತ್ರಿಕ ಮುದುಕ ಮಕ್ಕಳನ್ನು ಪ್ರಾಣಿಗಳಾಗಿಸುವ ಕತೆಯನ್ನು ನಂಬುವಂತೆ ಮಾಡುವುದು ಆ ನೆಲವೇ.

ನಮ್ಮದೇ ಜಿಲ್ಲೆಯ ಬೇಕಲ ಕೋಟೆಯನ್ನೂ ಹೇಳಬೇಕು. ಮಣಿರತ್ನಂ ಅವರ 'ಬಾಂಬೆ' (1995) ಚಿತ್ರದ 'ಉಯಿರೇ' ಹಾಡು ಅಲ್ಲಿಯದು, ಛಾಯಾಗ್ರಹಣ ರಾಜೀವ್ ಮೆನನ್ ಅವರದು. ಪಶ್ಚಿಮಕ್ಕೆ ಕಡಲಿರುವ ಆ ಕೋಟೆಯಲ್ಲಿ ಸಂಜೆಯ ಸೂರ್ಯನನ್ನು ಬೆನ್ನಿಗಿಟ್ಟು ಚಿತ್ರ ತೆಗೆಯುವುದು ಯಾರಿಗಾದರೂ ಹೊಳೆಯುವ ಉಪಾಯ. ಅವರು ಮೋಡ, ಗಾಳಿ, ಮಳೆಯನ್ನು ಆರಿಸಿಕೊಂಡರು. ಮೋಡದ ಬೆಳಕಿನಲ್ಲಿ ಒದ್ದೆ ಕಲ್ಲು ಕಪ್ಪಾಗುತ್ತದೆ, ಕಡಲು ಬೂದುನೀಲಿಯಾಗುತ್ತದೆ. ನಾಯಕಿಯ ಬುರ್ಖಾ ಲಂಗರಿಗೆ ಸಿಕ್ಕಿಕೊಂಡು ಅವಳು ಅದನ್ನು ಬಿಟ್ಟು ಓಡುವ ಗಳಿಗೆಗೆ ಆ ಬಿರುಸೇ ಬೇಕಿತ್ತು.

ಇದೇ ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ 'ಪಲ್ಲವಿ ಅನುಪಲ್ಲವಿ' (1983), ಅದರ ಛಾಯಾಗ್ರಾಹಕ ಬಾಲು ಮಹೇಂದ್ರ. ಬಾಲು ಮಹೇಂದ್ರ ತಾವೇ ನಿರ್ದೇಶಿಸಿದ ಮೊದಲ ಚಿತ್ರವೂ ಕನ್ನಡದ್ದೇ: 'ಕೋಕಿಲ' (1977). ಅಲ್ಲಿ ಕ್ಯಾಮೆರಾವೂ ಅವರದೇ, ಆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಶಾಜಿ ಕರುಣ್ ಹಾಗೆ ಮಾಡಲಿಲ್ಲ. 'ಪಿರವಿ' (1988) ನಿರ್ದೇಶಿಸುವಾಗ ಕ್ಯಾಮೆರಾವನ್ನು ಸನ್ನಿ ಜೋಸೆಫ್ ಕೈಗೆ ಕೊಟ್ಟರು. ಮುಂದಿನ ಚರ್ಚೆಗೆ ಈ ಎರಡು ಚಿತ್ರಗಳನ್ನು ಜೊತೆಗೆ ನೋಡಿ ಬನ್ನಿ. ಒಬ್ಬನೇ ಎರಡೂ ಕೆಲಸ ಮಾಡಿದಾಗ ಏನು ಸಿಗುತ್ತದೆ, ಬೆಳಕನ್ನು ಬಲ್ಲ ನಿರ್ದೇಶಕ ಇನ್ನೊಬ್ಬರ ಕಣ್ಣನ್ನು ನಂಬಿದಾಗ ಏನು ಸಿಗುತ್ತದೆ ಎಂದು ಒಂದೊಂದು ದೃಶ್ಯ ಹಿಡಿದು ಮಾತಾಡೋಣ.