ತೊಟ್ಟಿಕ್ಕುವ ಹೀಟರ್‌ನ ಬಾಯಿ ಮುಚ್ಚಬೇಡಿ

ನವೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. ದುಬೈನಲ್ಲಿ ಬೇಸಿಗೆ ಪೂರ್ತಿ ಬೋಟಿನ ವಾಟರ್ ಹೀಟರ್ ಯಾರಿಗೂ ನೆನಪಿಗೆ ಬರುವುದಿಲ್ಲ. ಜುಲೈನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಮನೆಗಳಲ್ಲಿ ಹೀಟರ್ ಆಫ್ ಮಾಡಿಟ್ಟು, ಅದರ ಟ್ಯಾಂಕಿನ ನೀರನ್ನೇ ತಣ್ಣೀರು ಅಂತ ಸ್ನಾನಕ್ಕೆ ಬಳಸುವ ಊರು ಇದು. ಗಾಳಿ ತಣ್ಣಗಾದ ಮೇಲೆ ಬೋಟಿನವರು ಹೀಟರ್ ಸ್ವಿಚ್ ಹಾಕುತ್ತಾರೆ. ಎರಡು ದಿನ ಬಿಟ್ಟು ಫೋನ್.

"ಹೀಟರ್ ಹಳೇದಾಯ್ತು, ಲೀಕ್ ಆಗ್ತಿದೆ. ಹೊಸದು ಹಾಕಿಕೊಡಿ."

ಎಲ್ಲಿಂದ ಲೀಕ್ ಅಂತ ಕೇಳುತ್ತೇನೆ. "ಪಕ್ಕದಲ್ಲಿ ಒಂದು ಸಣ್ಣ ಹಿತ್ತಾಳೆ ವಾಲ್ವ್ ಇದೆಯಲ್ಲ, ಅಲ್ಲಿಂದ ತೊಟ್ಟಿಕ್ಕುತ್ತೆ" ಅನ್ನುತ್ತಾರೆ. ಆಗ ನಾನು ಒಂದು ಉಸಿರು ಎಳೆದುಕೊಂಡು ಅದೇ ಕಥೆ ಮೊದಲಿನಿಂದ ಶುರು ಮಾಡುತ್ತೇನೆ. ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಮಲ್ಪೆಯ ನಮ್ಮ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ನೀರು ತುಂಬುವುದು ನನ್ನ ಕೆಲಸ. ಎರಡೆರಡು ಸಲ ಬಾವಿಗೆ ಹೋಗುವುದು ಯಾಕೆ ಅಂತ ಅಂಚಿನವರೆಗೂ ತುಂಬಿಸಿಬಿಡುತ್ತಿದ್ದೆ. ನೀರು ಕಾಯುತ್ತಾ ಬಂದ ಹಾಗೆ ಅಂಚಿನಿಂದ ಜಾರಿ ಒಲೆಗೆ ಬಿದ್ದು ಚುಸ್ ಅನ್ನುತ್ತಿತ್ತು. ಇನ್ನೂ ಕುದಿ ಬಂದಿರುತ್ತಿರಲಿಲ್ಲ, ಆದರೂ ಚೆಲ್ಲುತ್ತಿತ್ತು. "ಕಂಠಮಟ್ಟ ತುಂಬಿಸಬೇಡ ಅಂತ ಎಷ್ಟು ಸಲ ಹೇಳುವುದು ನಿನಗೆ" ಅಂತ ಅಮ್ಮ ಬೈಯುತ್ತಿದ್ದರು. ಕಾದ ನೀರು ಹಿಗ್ಗುತ್ತದೆ ಅನ್ನುವ ಪಾಠ ನನಗೆ ಆಗಿದ್ದು ಅಲ್ಲಿ.

ಹಂಡೆಗೆ ಬಾಯಿ ಇದೆ. ಹಿಗ್ಗಿದ ನೀರು ಹೊರಗೆ ಚೆಲ್ಲುತ್ತದೆ, ಅಷ್ಟೇ. ಬೋಟಿನ ಹೀಟರ್‌ಗೆ ಬಾಯಿ ಇಲ್ಲ. ಒಳಗೆ ಬರುವ ದಾರಿಯಲ್ಲಿ ಚೆಕ್ ವಾಲ್ವ್ ಕೂತಿರುತ್ತದೆ. ಬಿಸಿನೀರು ತಣ್ಣೀರಿನ ಪೈಪಿಗೆ ವಾಪಸ್ ಹೋಗಬಾರದು ಅಂತ. ಹೊರಗೆ ಹೋಗುವ ದಾರಿಯಲ್ಲಿ ನಲ್ಲಿ, ಅದೂ ಬಂದ್. ಸುಮಾರು 40 ಲೀಟರ್ ಟ್ಯಾಂಕ್ ಅಂದುಕೊಳ್ಳಿ. ಎಂಜಿನ್ ತಣಿಸಿ ಬಿಸಿಯಾದ ಕೂಲೆಂಟ್ ದ್ರವವೂ ಟ್ಯಾಂಕಿನೊಳಗಿನ ಸುರುಳಿ ಪೈಪಿನಲ್ಲಿ (ಕಾಯಿಲ್) ಹರಿದು ನೀರು ಕಾಯಿಸುತ್ತದೆ. 30 ಡಿಗ್ರಿಯ ನೀರು ಎಂಜಿನ್ನಿನ ಆ ಬಿಸಿಗೆ 85 ಡಿಗ್ರಿಗೆ ಏರಿದರೆ, ಒಂದು ಲೀಟರಿಗೂ ಸ್ವಲ್ಪ ಜಾಸ್ತಿಯೇ ಹಿಗ್ಗುತ್ತದೆ. ಒಂದು ದೊಡ್ಡ ನೀರಿನ ಬಾಟಲಿಯಷ್ಟು. ಅದು ಎಲ್ಲಿಗೆ ಹೋಗಬೇಕು? ನೀರನ್ನು ಬಟ್ಟೆಯ ಹಾಗೆ ಅದುಮಿ ತುರುಕಲು ಆಗುವುದಿಲ್ಲ. ಹಾಗಾಗಿ ಪ್ರೆಶರ್ ಏರುತ್ತದೆ. ಅದನ್ನು ಅಳೆಯುವುದು ಪಿಎಸ್‌ಐ ಲೆಕ್ಕದಲ್ಲಿ. ನಲ್ಲಿಗೆ ನೀರು ತಳ್ಳುವ ಪಂಪ್ 40 ಪಿಎಸ್‌ಐ ಹತ್ತಿರ ನಿಂತುಬಿಟ್ಟಿದ್ದರೂ ಟ್ಯಾಂಕಿನ ಒಳಗೆ ಏರುತ್ತಲೇ ಹೋಗುತ್ತದೆ. ಎಷ್ಟೋ ಬೋಟ್ ಹೀಟರ್‌ಗಳಲ್ಲಿ 75 ಪಿಎಸ್‌ಐ ಮುಟ್ಟಿದಾಗ ಆ ಹಿತ್ತಾಳೆ ವಾಲ್ವ್ (ರಿಲೀಫ್ ವಾಲ್ವ್ ಅನ್ನುತ್ತೇವೆ) ಸ್ವಲ್ಪ ಬಾಯಿ ಬಿಟ್ಟು, ಜಾಸ್ತಿ ಆದಷ್ಟು ನೀರನ್ನು ಹೊರಗೆ ಹಾಕಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಲವು ಕಂಪನಿಗಳ ವಾಲ್ವ್ ಇದಕ್ಕಿಂತ ಕಡಿಮೆ ಪ್ರೆಶರ್‌ಗೇ ತೆರೆಯುತ್ತದೆ. ನಿಮ್ಮದು ಎಷ್ಟರದ್ದು ಅಂತ ಅದರ ಮೇಲಿನ ತಗಡಿನಲ್ಲಿ ಕೊರೆದಿರುತ್ತದೆ, ನೋಡಿಕೊಳ್ಳಿ.

ಅಂದರೆ ನೀವು ಲೀಕ್ ಅಂತ ಹೇಳುತ್ತಿರುವುದು ಆ ವಾಲ್ವ್ ತನ್ನ ಕೆಲಸ ಮಾಡುತ್ತಿರುವುದನ್ನು. ಕುಕ್ಕರ್ ಸೀಟಿ ಹೊಡೆದರೆ ಕುಕ್ಕರ್ ಹಾಳಾಯ್ತು ಅನ್ನುತ್ತೀರಾ?

ಇಷ್ಟು ಹೇಳಿದ ಮೇಲೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಕೇಳುತ್ತಾರೆ, "ಸರಿ, ಅದಕ್ಕೊಂದು ಪ್ಲಗ್ ಹಾಕಿಬಿಟ್ಟರೆ?"

ಮೂರು ವರ್ಷದ ಕೆಳಗೆ ಉಡುಪಿ ಕಡೆಯವರೊಬ್ಬರು ಕರೆದಿದ್ದರು. 38 ಅಡಿಯ ಬೋಟ್, ರಜಾ ದಿನ ಬಂದರೆ ಮನೆಮಂದಿ ಎಲ್ಲ ಅದರಲ್ಲೇ. ಆಸೆಯಿಂದ ಇಟ್ಟುಕೊಂಡ ಬೋಟ್ ಅದು, ಎಂಜಿನ್ ರೂಮಿನಲ್ಲಿ ಚಪ್ಪಲಿ ಬಿಟ್ಟು ಇಳಿಯಬೇಕು. "ಎಂತ ಮಾರಾಯ್ರೆ, ಐದು ವರ್ಷಕ್ಕೆ ಇದು ಮೂರನೇ ಹೀಟರ್. ಈಗ ಯಾವುದರಲ್ಲೂ ಕ್ವಾಲಿಟಿ ಇಲ್ಲ" ಅಂದರು. ನಾನು ಟಾರ್ಚ್ ಹಿಡಿದು ಹೀಟರ್ ಹಿಂದೆ ಕೈ ಹಾಕಿದೆ. ರಿಲೀಫ್ ವಾಲ್ವ್‌ನ ಬಾಯಿಗೆ ನೀಟಾಗಿ ಟೇಪ್ ಸುತ್ತಿ ಅರ್ಧ ಇಂಚಿನ ಹಿತ್ತಾಳೆ ಪ್ಲಗ್ ಬಿಗಿದಿದ್ದರು. ಹೊರಗಿನ ಕವರ್ ಬಿಚ್ಚಿದರೆ ಒಳಗಿನ ಟ್ಯಾಂಕ್ ಎರಡೂ ಕಡೆ ಉಬ್ಬಿ ಹಲಸಿನಕಾಯಿ ಆಗಿತ್ತು. ವೆಲ್ಡಿಂಗ್ ಗೆರೆ ಒಂದು ಕಡೆ ಬಿಟ್ಟುಕೊಂಡು ನೀರು ಜಿನುಗುತ್ತಿತ್ತು. ಬಿಸಿಯಾದಾಗ ಹಿಗ್ಗುವುದು, ತಣಿದಾಗ ಕುಗ್ಗುವುದು, ದಿನಾ ಇದೇ ಆದರೆ ಯಾವ ತಗಡು ತಡೆಯುತ್ತದೆ?

ಮೊದಲ ಹೀಟರ್‌ಗೆ ಪ್ಲಗ್ ಹಾಕಿದವನು ಅವರ ಕ್ಯಾಪ್ಟನ್. ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪ್ ಪದೇ ಪದೇ ಓಡುತ್ತದೆ ಅಂತ. ಹೊಸ ಹೀಟರ್ ಹಾಕಿದವರು ಅದೇ ಪ್ಲಗ್ಗನ್ನು ಜೋಪಾನವಾಗಿ ಕಳಚಿ ಹೊಸದಕ್ಕೂ ಹಾಕಿದ್ದರು! ಅವರ ಅದೃಷ್ಟ, ವೆಲ್ಡಿಂಗ್ ಬಿಟ್ಟಿತು. ಜೆಟ್ಟಿಯ ಕರೆಂಟಿನಲ್ಲಿ ಕಾಯುತ್ತಿದ್ದಾಗ, ಬಿಸಿ ಸಾಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಅಂಟಿಕೊಂಡಿದ್ದರೆ ಕಥೆ ಬೇರೆ. ಪ್ರೆಶರ್‌ನಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಟ್ಯಾಂಕ್ ಒಡೆದ ಕ್ಷಣದಲ್ಲಿ ಅದರಲ್ಲಿ ಒಂದಷ್ಟು ಒಂದೇ ಸಲ ಹಬೆಯಾಗುತ್ತದೆ. ನೀರು ಹಬೆಯಾದರೆ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಜಾಗ ಬೇಕು. ಆ ಹೀಟರ್ ಇದ್ದದ್ದು ಮಕ್ಕಳು ಮಲಗುವ ಮಂಚದ ಕೆಳಗೆ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾದರೆ ತೊಟ್ಟಿಕ್ಕುವುದನ್ನು ಹಾಗೇ ಬಿಡಬೇಕಾ? ಬೇಡ. ಎಕ್ಸ್‌ಪಾನ್ಶನ್ ಟ್ಯಾಂಕ್ ಅಂತ ಒಂದು ಸಣ್ಣ ಡಬ್ಬ ಬರುತ್ತದೆ. ಒಳಗೆ ರಬ್ಬರ್ ಚೀಲ, ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಚೆಕ್ ವಾಲ್ವ್‌ಗೂ ಹೀಟರ್‌ಗೂ ನಡುವೆ ಕೂರಿಸಿದರೆ, ಹಿಗ್ಗಿದ ಆ ಒಂದು ಲೀಟರ್ ಅಲ್ಲಿ ಹೋಗಿ ಕೂರುತ್ತದೆ. ತಣಿದ ಮೇಲೆ ವಾಪಸ್ ಬರುತ್ತದೆ. ಚೆಕ್ ವಾಲ್ವ್‌ನ ಆಚೆ ಕಡೆ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ಅಲ್ಲಿ ಹಾಕಿದವರನ್ನೂ ನೋಡಿದ್ದೇನೆ. ನಿಮ್ಮಲ್ಲಿ ಈಗಾಗಲೇ ಆ ಡಬ್ಬ ಇದ್ದರೆ, ತುದಿಯಲ್ಲಿ ಸೈಕಲ್ ಟ್ಯೂಬಿನ ಥರದ ಗಾಳಿ ವಾಲ್ವ್ ಇರುತ್ತದೆ, ಉಗುರಿನಲ್ಲಿ ಒತ್ತಿ ನೋಡಿ. ಗಾಳಿಯ ಬದಲು ನೀರು ಚಿಮ್ಮಿದರೆ ಚೀಲ ಹರಿದಿದೆ. ಎಷ್ಟು ದೊಡ್ಡ ಡಬ್ಬ ಬೇಕು, ಎಷ್ಟು ಗಾಳಿ ತುಂಬಬೇಕು ಅನ್ನುವುದು ನಿಮ್ಮ ಟ್ಯಾಂಕ್ ಮತ್ತು ಪಂಪ್ ಮೇಲೆ ಹೋಗುತ್ತದೆ. ಬೋಟ್ ನೋಡದೆ ನಾನು ಹೇಳಲಾರೆ.

ಇನ್ನೊಂದು ಮಾತು. ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಅದು ಹಿಗ್ಗುವಿಕೆ. ಹೀಟರ್ ತಣ್ಣಗಿರುವಾಗಲೂ ತೊಟ್ಟಿಕ್ಕುತ್ತಿದ್ದರೆ ವಾಲ್ವ್‌ನಲ್ಲಿ ಉಪ್ಪು ಕಟ್ಟಿರಬಹುದು, ವಾಲ್ವ್ ಬದಲಿಸಿ. ಮೊದಲಿನದು ಎಷ್ಟರದ್ದೋ ಅಷ್ಟರದ್ದೇ ಹಾಕಿ. ಮನೆ ಹೀಟರ್‌ಗೆ ಬರುವ 150 ಪಿಎಸ್‌ಐ ವಾಲ್ವ್ ಥ್ರೆಡ್ ಸರಿಹೋಯ್ತು ಅಂತ ಬೋಟಿನದಕ್ಕೆ ತಿರುಗಿಸಬೇಡಿ. ಅದೂ ಪ್ಲಗ್ ಹಾಕಿದ ಹಾಗೇ.

ಹೀಟರ್ ಬದಲಿಸಲೇಬೇಕಾದ ಸಂದರ್ಭ ಇಲ್ಲ ಅಂತಲ್ಲ. ಟ್ಯಾಂಕೇ ಜಿನುಗುತ್ತಿದ್ದರೆ ಬದಲಿಸಿ. ಎಂಜಿನ್ನಿನ ಕೂಲೆಂಟ್ ಹರಿಯುವ ಒಳಗಿನ ಕಾಯಿಲ್ ತೂತಾದರೂ ಬದಲಿಸಿ. ಅದು ತೂತಾದರೆ ಹೀಟರ್‌ನ ನೀರು ಕೂಲೆಂಟಿಗೆ ನುಗ್ಗಿ, ನೀವು ಏನೂ ಹಾಕದಿದ್ದರೂ ಎಂಜಿನ್ನಿನ ಕೂಲೆಂಟ್ ಟ್ಯಾಂಕ್ ತುಂಬಿ ಹೊರಗೆ ಸುರಿಯುತ್ತದೆ. ನೀರಿನ ಪಂಪ್ ಆಫ್ ಇದ್ದಾಗ ಇದೇ ಉಲ್ಟಾ ಆಗಿ ಕೂಲೆಂಟ್ ನಿಮ್ಮ ನಲ್ಲಿಗೆ ಬರಬಹುದು. ಅದು ವಿಷ, ರುಚಿ ಸಿಹಿ. ಅಂಥ ಹೀಟರನ್ನು ಒಂದು ದಿನವೂ ಬಳಸಬೇಡಿ.

ಬದಲಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತರಿಸುವ ಮೊದಲು ಹ್ಯಾಚ್, ಅಂದರೆ ಡೆಕ್ಕಿನಿಂದ ಕೆಳಗೆ ಇಳಿಯುವ ಬಾಗಿಲು, ಅಳೆದುಕೊಳ್ಳಿ. ಎಷ್ಟೋ ಬೋಟಿನಲ್ಲಿ ಹೀಟರ್ ಇಟ್ಟ ಮೇಲೆ ಮೇಲಿನ ಡೆಕ್ ಕೂರಿಸಿರುತ್ತಾರೆ. ಅಮೆರಿಕದಿಂದ ಬಂದ ಹೀಟರ್ ಆದರೆ ಎಲಿಮೆಂಟ್ ಎಷ್ಟು ವೋಲ್ಟಿನದು ಅಂತ ನೋಡಿ. 120 ವೋಲ್ಟಿನ 1,500 ವಾಟ್ ಎಲಿಮೆಂಟಿಗೆ ಇಲ್ಲಿನ 230 ಕೊಟ್ಟರೆ ಅದು 5,500 ವಾಟ್ ಎಳೆಯುತ್ತದೆ, ಬ್ರೇಕರ್ ಬೀಳದಿದ್ದರೆ ಸುಟ್ಟೇ ಹೋಗುತ್ತದೆ. ಟ್ಯಾಂಕ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬರುವುದು ನಿಂತು ನೀರು ಸರಾಗವಾಗಿ ಬರುವವರೆಗೆ ಸ್ವಿಚ್ ಮುಟ್ಟಬೇಡಿ. ನನ್ನ ಮೊದಲ ವರ್ಷ ಒಂದು ಹೊಚ್ಚಹೊಸ ಎಲಿಮೆಂಟನ್ನು ನಾನೇ ಹಾಗೆ ಸುಟ್ಟಿದ್ದೇನೆ. ದುಡ್ಡು ಸಂಬಳದಲ್ಲಿ ಕಟ್ ಆಯಿತು. ನ್ಯಾಯವೇ.

ಆ ಉಡುಪಿಯವರು ಹೋದ ತಿಂಗಳು ಮತ್ತೆ ಫೋನ್ ಮಾಡಿದ್ದರು. ಬೋಟಿಗಲ್ಲ. ರಜೆಗೆ ಬೆಂಗಳೂರಿನ ಫ್ಲ್ಯಾಟಿಗೆ ಹೋಗಿದ್ದರಂತೆ. "ಬೋಟ್ ಹೀಟರ್ ಸೂಪರ್ ಉಂಟು. ಇಲ್ಲಿ ಪ್ರೆಶರ್ ಪಂಪ್ ಹಾಕಿಸಿದ ಮೇಲೆ ಗೀಸರ್‌ನ ವಾಲ್ವ್ ತೊಟ್ಟಿಕ್ಕುತ್ತಿತ್ತು ಮಾರಾಯ್ರೆ. ಮೊದಲು ಇರಲಿಲ್ಲ."

ಇರಲಿಲ್ಲ, ಯಾಕೆಂದರೆ ಮೊದಲು ಹಿಗ್ಗಿದ ನೀರು ಪೈಪಿನಲ್ಲೇ ಮೇಲಿನ ಟ್ಯಾಂಕಿಗೆ ಹೋಗುತ್ತಿತ್ತು. ಪಂಪ್ ಜೊತೆ ಬಂದ ಚೆಕ್ ವಾಲ್ವ್ ಆ ದಾರಿ ಮುಚ್ಚಿರಬೇಕು. ನಾನು ವಿವರಿಸಲು ಶುರು ಮಾಡಿದೆ.

"ಅದು ಈಗ ಸರಿಯಾಯ್ತು ಬಿಡಿ" ಅಂದರು. "ಬೆಳಿಗ್ಗೆ ಪ್ಲಂಬರ್ ಬಂದು ಏನೋ ಬಿಗಿದು ಹೋದ. ಒಂದು ಹನಿ ಇಲ್ಲ."

"ಗೀಸರ್ ಈಗ ಆನ್ ಇದೆಯಾ ಸಾರ್?"

ಅವರು ಉತ್ತರ ಕೊಡಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಜೋರಾಗಿ ಕೂಗಿದರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಟಕ್ ಅಂತ ಸ್ವಿಚ್ ಆರಿಸಿದ ಸದ್ದು ಕೇಳಿಸಿತು.