ಘಟಿಕೋತ್ಸವಕ್ಕೆ ಹೋಗದಿದ್ದರೆ ಡಿಗ್ರಿ ಸಿಗಲ್ವಾ?

ಪ್ರಶ್ನೆ: ಸರ್, ನನ್ನ ಮಗಳು ಅಂಕೋಲೆಯಲ್ಲಿ ಬಿ.ಕಾಂ. ಮುಗಿಸಿದಳು. ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಹೊಸ ಕೆಲಸ, ರಜೆ ಕೇಳುವ ಹಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗದಿದ್ದರೆ ಡಿಗ್ರಿ ಸರ್ಟಿಫಿಕೇಟ್ ಸಿಗುವುದಿಲ್ಲ, ಸಿಕ್ಕಿದರೂ ಅದಕ್ಕೆ ಬೆಲೆ ಇಲ್ಲ ಅಂತ ಆಚೆಮನೆಯವರು ಹೇಳುತ್ತಿದ್ದಾರೆ. ಹೌದಾ?

ಉತ್ತರ: ಅಲ್ಲ. ಸರ್ಟಿಫಿಕೇಟ್ ಸಿಗುತ್ತದೆ. ಅದಕ್ಕೆ ಪೂರ್ತಿ ಬೆಲೆಯೂ ಇರುತ್ತದೆ.

ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ನನಗೆ ಗೊತ್ತು. ಕುಮಟೆಯಿಂದ, ಹೊನ್ನಾವರದಿಂದ, ಶಿರಸಿಯಿಂದ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಈ ಸಲ ಬೇರುಸಹಿತ ಕೀಳೋಣ, ಮುಂದಿನ ವರ್ಷ ಕೇಳುವವರಿಗೆ ಇದನ್ನೇ ತೋರಿಸಿ.

ಪದವಿ ಕೊಡುವುದು ಹೇಗೆ ಅಂತ ಮೊದಲು ತಿಳಿದುಕೊಳ್ಳಿ. ಪರೀಕ್ಷೆ ಮುಗಿಯುತ್ತದೆ, ಫಲಿತಾಂಶ ಬರುತ್ತದೆ. ಎಲ್ಲ ಸೆಮಿಸ್ಟರ್ ಪಾಸಾದರೆ ನೀವು ಪದವಿಗೆ ಅರ್ಹರಾದಿರಿ. ಓದುವ ಕೆಲಸ ಅಲ್ಲಿಗೆ ಮುಗಿಯಿತು, ಉಳಿದದ್ದು ಒಂದು ಅರ್ಜಿ ಮಾತ್ರ. ಆಮೇಲೆ ವಿಶ್ವವಿದ್ಯಾಲಯ ಅರ್ಹರ ಪಟ್ಟಿ ತಯಾರು ಮಾಡುತ್ತದೆ. ಘಟಿಕೋತ್ಸವದ ದಿನ ಒಂದೊಂದು ನಿಕಾಯದ (ಕಲೆ, ವಾಣಿಜ್ಯ, ವಿಜ್ಞಾನದಂಥ ವಿಭಾಗದ) ಮುಖ್ಯಸ್ಥರಾದ ಡೀನ್ ಎದ್ದು ನಿಂತು, ನಮ್ಮ ನಿಕಾಯದ ಇಷ್ಟು ಅಭ್ಯರ್ಥಿಗಳಿಗೆ ಪದವಿ ನೀಡಬೇಕು ಎಂದು ಕೇಳುತ್ತಾರೆ. ವೇದಿಕೆಯ ಮೇಲಿರುವ ಕುಲಾಧಿಪತಿಗಳು ಅಥವಾ ಕುಲಪತಿಗಳು ಪದವಿ ನೀಡಿದ್ದೇವೆ ಎಂದು ಘೋಷಿಸುತ್ತಾರೆ. (ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರೇ ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ.) ಆ ಒಂದು ಘೋಷಣೆಯಲ್ಲಿ ಸಭಾಂಗಣದಲ್ಲಿ ಕುಳಿತವರೂ ಬಂದರು, ಅದೇ ಹೊತ್ತಿಗೆ ಗೋಕರ್ಣದ ಅಂಗಡಿಯಲ್ಲಿ ಬಿಲ್ ಬರೆಯುತ್ತಿರುವವರೂ ಬಂದರು. ಹಾಜರಿದ್ದವರಿಗೆ ಒಂದು ಪದವಿ, ಗೈರಾದವರಿಗೆ ಇನ್ನೊಂದು ಪದವಿ ಅಂತ ಇಲ್ಲವೇ ಇಲ್ಲ.

ಅನುಮಾನ ಇದ್ದರೆ ಅರ್ಜಿಯನ್ನೇ ತೆಗೆದು ನೋಡಿ. ಸಮಾರಂಭಕ್ಕೆ ಬರುತ್ತೀರಾ, ಇಲ್ಲವಾ ಎಂದು ಕೇಳುವ ಕಲಂ ಎಷ್ಟೋ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಇರುತ್ತದೆ. ಬರದಿದ್ದರೆ ಪದವಿಯೇ ಇಲ್ಲ ಅಂತಾದರೆ ಆ ಕಲಂ ಯಾಕೆ ಬೇಕಿತ್ತು? ಹೊಸ್ತಿನ ಹಬ್ಬಕ್ಕೆ ಊರಿಗೆ ಬರಲಿಲ್ಲ ಅಂತ ನಿಮ್ಮ ಗದ್ದೆಯ ಭತ್ತ ಬೇರೆಯವರದಾಗುತ್ತದೆಯೇ? ಹಾಗೇ ಇದು.

ಈ ತಪ್ಪು ತಿಳಿವಳಿಕೆಗೆ ಮರಿಗಳು ಜಾಸ್ತಿ. ಒಂದನ್ನು ಓಡಿಸಿದರೆ ಇನ್ನೊಂದು ಬರುತ್ತದೆ.

ಮೊದಲನೆಯದು, ವೇದಿಕೆಯ ಮೇಲೆ ಕೈಯಾರೆ ತೆಗೆದುಕೊಂಡದ್ದು ಮಾತ್ರ ಒರಿಜಿನಲ್, ಕಾಲೇಜಿಗೆ ಬಂದದ್ದು ಅಥವಾ ಅಂಚೆಯಲ್ಲಿ ಬಂದದ್ದು ಡೂಪ್ಲಿಕೇಟ್ ಅನ್ನುವುದು. ಇದು ಎರಡು ಬೇರೆ ಸಂಗತಿಗಳನ್ನು ಕಲಸಿದ್ದು. ಡೂಪ್ಲಿಕೇಟ್ ಅಂದರೆ ಮೂಲ ಪ್ರತಿ ಕಳೆದುಹೋದಾಗ, ಪೊಲೀಸ್ ದೂರು, ಅಫಿಡವಿಟ್ ಎಲ್ಲ ಕೊಟ್ಟು ಮತ್ತೆ ಪಡೆಯುವ ಪ್ರತಿ. ನಿಮಗೆ ಮೊದಲ ಸಲ ಬರುವ ಪ್ರಮಾಣಪತ್ರ ಯಾವ ದಾರಿಯಲ್ಲಿ ಬಂದರೂ ಮೂಲ ಪ್ರತಿಯೇ. ಅಷ್ಟಕ್ಕೂ ವೇದಿಕೆಗೆ ಹತ್ತಿಸುವುದು ಯಾರನ್ನು? ಚಿನ್ನದ ಪದಕ ಪಡೆದವರನ್ನು, ಪಿಎಚ್.ಡಿ. ಪಡೆದವರನ್ನು. ಕಾಲೇಜುಗಳಿಂದ ಬರುವ ಸಾವಿರಾರು ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದರೆ ಮರುದಿನ ಬೆಳಗಾದರೂ ಮುಗಿಯುವುದಿಲ್ಲ. ಸಭೆಗೆ ಹೋದ ಮಕ್ಕಳಲ್ಲೂ ಹೆಚ್ಚಿನವರ ಕೈಗೆ ಅದು ಸಿಗುವುದು ಕೌಂಟರಿನಲ್ಲಿ ಅಥವಾ ಕಾಲೇಜಿನ ಆಫೀಸಿನಲ್ಲಿ.

ಎರಡನೆಯದು, ಗೈರಾದವರ ಸರ್ಟಿಫಿಕೇಟ್ ನೋಡಿದರೆ ಕಂಪನಿಯವರು ಕೆಲಸ ಕೊಡುವುದಿಲ್ಲ ಅನ್ನುವುದು. ಕೆಲಸ ಕೊಡುವವರು ನೋಡುವುದು ನಿಮ್ಮ ಹೆಸರು, ಪದವಿ, ಪಡೆದ ದರ್ಜೆ, ಪಾಸಾದ ವರ್ಷ, ಕೊಟ್ಟ ವಿಶ್ವವಿದ್ಯಾಲಯ. ಖಾತರಿ ಮಾಡಿಕೊಳ್ಳಬೇಕಾದರೆ ವಿಶ್ವವಿದ್ಯಾಲಯಕ್ಕೆ ಬರೆದು ಕೇಳುತ್ತಾರೆ. ನೀವು ಆ ದಿನ ಯಾವ ಕುರ್ಚಿಯಲ್ಲಿ ಕುಳಿತಿದ್ದಿರಿ ಅಂತ ಯಾರೂ ಕೇಳುವುದಿಲ್ಲ. ಈಗ ಎಷ್ಟೋ ವಿಶ್ವವಿದ್ಯಾಲಯಗಳು ಪದವಿ ಪ್ರಮಾಣಪತ್ರವನ್ನು ದಾಖಲೆಗಳನ್ನು ಫೋನಿನಲ್ಲೇ ನೋಡಬಹುದಾದ ಸರ್ಕಾರದ ಡಿಜಿಲಾಕರ್‌ಗೂ ಹಾಕುತ್ತವೆ. ಸಂಸ್ಥೆಯೇ ನೇರವಾಗಿ ಡಿಜಿಲಾಕರ್‌ಗೆ ಹಾಕಿದ ದಾಖಲೆಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯ ನಿಯಮದ ಪ್ರಕಾರ, ಕಾಗದದ ಮೂಲ ಪ್ರತಿಯಷ್ಟೇ ಮಾನ್ಯತೆ. ಫೋನಿಗೆ ಬಂದ ಪದವಿಯನ್ನು ಸರ್ಕಾರವೇ ಒಪ್ಪುತ್ತದೆ ಅಂದಮೇಲೆ ಕೈಗೆ ಕೊಟ್ಟವರು ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಮೂರನೆಯದು ಮಕ್ಕಳನ್ನು ನಿಜಕ್ಕೂ ಹಾಳು ಮಾಡುವಂಥದ್ದು. ಘಟಿಕೋತ್ಸವ ಆಗುವವರೆಗೆ ಎಂ.ಎ., ಎಂ.ಕಾಂ., ಬಿ.ಎಡ್.ಗೆ ಸೇರುವ ಹಾಗಿಲ್ಲ, ಬ್ಯಾಂಕ್ ಪರೀಕ್ಷೆ ಬರೆಯುವ ಹಾಗಿಲ್ಲ ಅನ್ನುತ್ತಾರೆ. ಈ ಮಾತು ನಂಬಿ ಒಂದು ವರ್ಷ ಸುಮ್ನೆ ಮನೆಯಲ್ಲಿ ಕುಳಿತ ಹುಡುಗಿಯರನ್ನು ನಾನು ಕಂಡಿದ್ದೇನೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಮುಂದಿನ ಓದಿಗೆ ಸೇರಲು ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ, ಅಂದರೆ ಎಲ್ಲರೂ ಪಿಡಿಸಿ ಅನ್ನುತ್ತಾರಲ್ವಾ, ಅದು ಸಾಕು. ಬ್ಯಾಂಕ್ ನೇಮಕಾತಿಯಲ್ಲೂ ಅಷ್ಟೇ. ಅಧಿಸೂಚನೆಯಲ್ಲಿ ಹೇಳಿದ ದಿನಾಂಕದೊಳಗೆ ಫಲಿತಾಂಶ ಬಂದಿರಬೇಕು, ಘಟಿಕೋತ್ಸವ ಆಗಿರಬೇಕು ಅಂತಿಲ್ಲ.

ಕೊರೋನಾ ವರ್ಷ ನೆನಪಿಸಿಕೊಳ್ಳಿ. ಮೈಸೂರು ವಿಶ್ವವಿದ್ಯಾಲಯದ ನೂರನೇ ಘಟಿಕೋತ್ಸವ ನಡೆದದ್ದು 2020ರ ಅಕ್ಟೋಬರ್ 19ರಂದು. ಪ್ರಧಾನಿಯವರೇ ವಿಡಿಯೋ ಮೂಲಕ ಭಾಷಣ ಮಾಡಿದರು. ಮುಖ್ಯ ಅತಿಥಿಯೇ ಸಭಾಂಗಣದಲ್ಲಿ ಇರಲಿಲ್ಲ, ಆ ಸಾಲಿನ ಮಕ್ಕಳ ಪದವಿಗೆ ಏನಾದರೂ ಕುಂದು ಬಂತೇ?

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅದೇ ವರ್ಷ ಮುಂಬೈ ವಿಶ್ವವಿದ್ಯಾಲಯದ ಮೊದಲ ಬಿ.ಎ. ತಂಡ ಹೊರಬಂತು, ಸಮಾಜ ಸುಧಾರಕ ಎಂ.ಜಿ. ರಾನಡೆ ಮತ್ತು ಸಂಸ್ಕೃತ ವಿದ್ವಾಂಸ ಆರ್.ಜಿ. ಭಂಡಾರ್ಕರ್ ಆ ತಂಡದವರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಈ ಕಡೆಯ ಜಾಸ್ತಿ ಮಂದಿಯ ಡಿಗ್ರಿ ಮುಂಬೈಯದೇ. ಕಾರವಾರದಿಂದ ಹಡಗು ಹತ್ತಿ ಮುಂಬೈಗೆ ಹೋಗಿ ಬರುವ ಖರ್ಚು ಆಗ ಎಷ್ಟು ಮನೆಗಳಿಗೆ ಸಾಧ್ಯವಿತ್ತು?

ಅದಿರಲಿ. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಹಾಜರಿಯ ಬಗ್ಗೆ ಅಲ್ಲ, ಅರ್ಜಿಯ ಬಗ್ಗೆ. ಹೋಗದಿದ್ದರೂ ನಡೆಯುತ್ತದೆ ಅಂದರೆ ಅರ್ಜಿ ಹಾಕದಿದ್ದರೂ ನಡೆಯುತ್ತದೆ ಅಂತ ಅಲ್ಲ. ಪ್ರಕಟಣೆ ಬಂದಾಗ ಕೊನೆಯ ದಿನಾಂಕದೊಳಗೆ ಶುಲ್ಕ ಕಟ್ಟಿ ಅರ್ಜಿ ಹಾಕಿ. ಪಿಡಿಸಿ ಇದೆಯಲ್ಲ ಅಂತ ಕೈಕಟ್ಟಿ ಕೂರಬೇಡಿ. ಅದು ತಾತ್ಕಾಲಿಕ. ವಿದೇಶಕ್ಕೆ ಹೋಗುವಾಗ ದೃಢೀಕರಣಕ್ಕೆ ಕೇಳುವುದು ಅಂತಿಮ ಪ್ರಮಾಣಪತ್ರವನ್ನೇ, ಮತ್ತು ನಮ್ಮ ಕರಾವಳಿಯಿಂದ ಗಲ್ಫಿಗೆ ಹೋಗುವ ಹುಡುಗರಿಗೆ ಇದು ಟಿಕೆಟ್ ಬುಕ್ ಆದ ಮೇಲೆಯೇ ನೆನಪಾಗುವುದು. ವಿದ್ಯಾರ್ಥಿ ಅರ್ಹನಾದ 180 ದಿನಗಳೊಳಗೆ ಪದವಿ ನೀಡಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2008ರ ನಿಯಮ ಹೇಳುತ್ತದೆ. ತಡವಾದರೆ ಕಾಲೇಜಿನಲ್ಲಿ ಕೇಳಿ, ಕೇಳುವುದು ನಿಮ್ಮ ಹಕ್ಕು.

ಅರ್ಜಿ ತುಂಬುವಾಗ ಹೆಸರು ನೋಡಿಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಮ್ಮ ಜಿಲ್ಲೆಯ ಅಡ್ಡಹೆಸರುಗಳು ಇಂಗ್ಲಿಷಿಗೆ ಹೋದಾಗ ಒಂದೊಂದು ದಾಖಲೆಯಲ್ಲಿ ಒಂದೊಂದು ರೂಪ ತಾಳುತ್ತವೆ. ಹೆಗಡೆಗೆ ‘ಜಿ’ ಆದ ಮೇಲೆ ಒಂದು ‘ಎ’ ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಗೌಡಕ್ಕೆ ಕೆಲವರು ‘ಯು’ ಬರೆಯುತ್ತಾರೆ, ಕೆಲವರು ‘ಡಬ್ಲ್ಯು’. ನಾಯ್ಕ ಮತ್ತು ನಾಯಕ ಇಂಗ್ಲಿಷಿನಲ್ಲಿ ಅದಲು ಬದಲಾಗಿಬಿಡುತ್ತಾರೆ. ಇನಿಶಿಯಲ್ ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ ಬರುತ್ತದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಕನ್ನಡದಲ್ಲಿ ಬರೆದ ಹೆಸರನ್ನೂ ಬೇರೆಯವರ ಕೈಲಿ ಓದಿಸಿ. ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದಿಸುವುದು ಅಂದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಧಾರವಾಡದ ಬಸ್ಸು.

ಹಾಗಾದರೆ ಘಟಿಕೋತ್ಸವಕ್ಕೆ ಹೋಗುವುದೇ ಬೇಡವೇ? ಖಂಡಿತ ಹೋಗಿ, ಆಗುವುದಾದರೆ. ಭಯಕ್ಕೆ ಹೋಗಬೇಡಿ, ಸಂತೋಷಕ್ಕೆ ಹೋಗಿ. ಭಟ್ಕಳದಿಂದಲೋ ಕಾರವಾರದಿಂದಲೋ ಹೊರಟರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಧಾರವಾಡ ಮುಟ್ಟುವಷ್ಟರಲ್ಲಿ ಮೈ ಹಣ್ಣಾಗಿರುತ್ತದೆ, ಆದರೂ ಅಲ್ಲಿ ನಮ್ಮ ಕಡೆಯ ತಾಯಂದಿರನ್ನು ದೂರದಿಂದಲೇ ಗುರುತು ಹಿಡಿಯಬಹುದು. ತಲೆತುಂಬ ಅಬ್ಬಲಿ ದಂಡೆ, ಕೈಯಲ್ಲಿ ಬುತ್ತಿಯ ಚೀಲ. ಮಗಳು ಗೌನು ಹಾಕಿಕೊಂಡು ಬಂದಾಗ ಆಯಿ ಆ ಗೌನಿನ ಭುಜದ ಮಡಿಕೆಯನ್ನು ಎರಡು ಬೆರಳಲ್ಲಿ ಸರಿಮಾಡುತ್ತಾಳೆ, ಆಮೇಲೆ ಬಟ್ಟೆ ಮುಟ್ಟಿ ನೋಡಿ ಇದು ಎಷ್ಟು ಬಿಸಿ ಮಾರಾಯ್ತಿ ಅನ್ನುತ್ತಾಳೆ. ಮನೆಯ ಮೊದಲ ಪದವೀಧರೆಗೆ ಇಂಥ ದಿನ ಒಂದಿರಬೇಕು. ಆದರೆ ಅದಕ್ಕಾಗಿ ಕೆಲಸ ಬಿಡಬೇಕಾಗಿಲ್ಲ, ಸಾಲ ಮಾಡಬೇಕಾಗಿಲ್ಲ.

ಗೌನಿನ ಮಾತು ಬಂತು. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಕಪ್ಪು ನಿಲುವಂಗಿ ಯುರೋಪಿನ ಚಳಿ ದೇಶದ್ದು, ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಪಾದ್ರಿಗಳೂ ವಿದ್ವಾಂಸರೂ ತೊಡುತ್ತಿದ್ದದ್ದು. ನಮ್ಮ ಸೆಕೆಗೆ ಅದು ಹೇಳಿ ಮಾಡಿಸಿದ್ದಲ್ಲ. ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸಿ ಎಂದು ಯುಜಿಸಿ 2019ರಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಧಾರವಾಡದ ಪಕ್ಕದಲ್ಲೇ ಗರಗ ಇದೆ, ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಅಲ್ಲಿಯ ಬಟ್ಟೆಯ ಒಂದು ಶಲ್ಯ ಹೆಗಲ ಮೇಲಿದ್ದರೆ ಎಷ್ಟು ಚೆನ್ನಾಗಿರುತ್ತದೆ! ಉಡುಪಿನಿಂದಲೇ ಗೌರವ ಬರುತ್ತದೆ ಅನ್ನುವವರಿಗೆ ಸಾವಿರಾರು ಗಿಡ ಬೆಳೆಸಿದ ನಮ್ಮ ಅಂಕೋಲೆಯ ತುಳಸಿ ಗೌಡ ಅವರನ್ನು ತೋರಿಸುತ್ತೇನೆ. 2021ರ ನವೆಂಬರಿನಲ್ಲಿ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲೇ, ಬರಿಗಾಲಲ್ಲೇ.

ಟೋಪಿ ಹಾರಿಸುವ ಚಟವೂ ಇತ್ತೀಚಿನದು. ಅದು ಶುರುವಾದದ್ದು ಅಮೆರಿಕದ ಅನ್ನಾಪೊಲಿಸ್ ನೌಕಾ ಅಕಾಡೆಮಿಯಲ್ಲಿ, 1912ರಲ್ಲಿ. ಆ ವರ್ಷದಿಂದ ಅಲ್ಲಿ ಓದು ಮುಗಿದ ದಿನವೇ ಅಧಿಕಾರಿ ಹುದ್ದೆ ಸಿಗತೊಡಗಿತು, ಹೊಸ ಟೋಪಿ ಬಂತು, ಹಳೆಯದು ಬೇಡವಾಯಿತು, ಹಾರಿಸಿದರು. ನಮ್ಮ ಮಕ್ಕಳ ಟೋಪಿ ಬಾಡಿಗೆಯದು. ಸಂಜೆ ವಾಪಸ್ ಕೊಡಬೇಕು. ಅದರ ಚೌಕದ ಮೂಲೆ ಗಟ್ಟಿ, ಕಣ್ಣಿಗೆ ತಾಗಿದರೆ ಕಷ್ಟ. ಫೋಟೋಕ್ಕೆ ಕೈಯಲ್ಲಿ ಎತ್ತಿ ಹಿಡಿದರೂ ಚಂದವೇ.

ಇನ್ನು ಕಾಲೇಜುಗಳಲ್ಲಿ ಈಗ ಗ್ರಾಜುಯೇಷನ್ ಡೇ ಅಂತ ಮಾಡುತ್ತಾರಲ್ಲ, ಅದರ ಬಗ್ಗೆ. ಅಲ್ಲಿ ಕೊಡುವ ಕಾಗದ ಪದವಿ ಅಲ್ಲ. ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ, 1956ರ ಯುಜಿಸಿ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಆದರೆ ಆ ಕಾರ್ಯಕ್ರಮ ನನಗೆ ಬಹಳ ಇಷ್ಟ. ಧಾರವಾಡಕ್ಕೆ, ಇಂಜಿನಿಯರಿಂಗ್ ಆದರೆ ಬೆಳಗಾವಿಗೆ, ಹೋಗಲಾಗದ ಅಪ್ಪ ಆಯಿ ಕುಮಟೆಗೋ ಶಿರಸಿಗೋ ಬರಬಲ್ಲರು. ದೋಣಿಗೆ ಹೋಗುವ ಅಪ್ಪ, ಅಡಿಕೆ ಸುಲಿಯುವ ಆಯಿ ಅರ್ಧ ದಿನ ಬಿಡುವು ಮಾಡಿಕೊಂಡಾರು, ಎರಡು ದಿನ ಆಗುವುದಿಲ್ಲ. ಅವರು ಬಂದಾಗ ಮಾಡುವುದೇನು? ಒಂದೂವರೆ ತಾಸು ಭಾಷಣ ಕೇಳಿಸುತ್ತೇವೆ, ಆಮೇಲೆ ಹೊತ್ತಾಯಿತು ಅಂತ ಹೆಸರುಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸುತ್ತೇವೆ. ಇದು ತಿರುಗಾಮುರುಗಾ ಆಗಬೇಕು. ಭಾಷಣ ಹತ್ತು ನಿಮಿಷ ಸಾಕು. ಒಂದೊಂದು ಹೆಸರನ್ನೂ ಪೂರ್ತಿ ಓದಿ, ಊರಿನ ಹೆಸರೂ ಸೇರಿಸಿ, ಅಪ್ಪ ಆಯಿಯನ್ನೂ ಮೇಲೆ ಕರೆಯಿರಿ. ಚಪ್ಪಾಳೆ ನಿಂತ ಮೇಲೆಯೇ ಮುಂದಿನ ಹೆಸರು. ಹಾಲಕ್ಕಿ, ಸಿದ್ದಿ, ಕುಣಬಿ, ಖಾರ್ವಿ, ನವಾಯತ ಮನೆಗಳ ಹೆಸರುಗಳು ಓದುವವರಿಗೆ ಪರಿಚಯ ಇರುವುದಿಲ್ಲ, ತಡವರಿಸುತ್ತಾರೆ. ಹಿಂದಿನ ದಿನ ಮಕ್ಕಳನ್ನೇ ಕರೆದು ಹೇಗೆ ಹೇಳಬೇಕು ಅಂತ ಕೇಳಿ, ಪಟ್ಟಿಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಪ್ರಶ್ನೆ ಕೇಳಿದ ತಂಗಿಗೆ: ಮಗಳ ಅರ್ಜಿಯಲ್ಲಿ ಹಾಜರಿಯ ಕಲಂ ಇದ್ದರೆ ‘ಬರುವುದಿಲ್ಲ’ ಅನ್ನುವ ಕಡೆ ಗುರುತು ಹಾಕಿಸಿ, ಕಾಲೇಜಿನ ವಿಳಾಸವೋ ಮನೆಯ ವಿಳಾಸವೋ ಯಾವುದು ಕೇಳುತ್ತಾರೋ ಅದನ್ನು ಪಿನ್‌ಕೋಡ್ ಸಮೇತ ಬರೆಸಿ, ಶುಲ್ಕದ ರಸೀದಿ ಜೋಪಾನ ಮಾಡಿ. ಆಚೆಮನೆಯವರಿಗೂ ಇದನ್ನು ಓದಿ ಹೇಳಿ.