ಬಿಜಾಪುರ ಅಂದ್ರೆ ಯಾವ ಬಿಜಾಪುರ?

ಹರ್ಬೇರಿಯಂ ಶೀಟು, ಅಂದರೆ ಒಣಗಿಸಿದ ಗಿಡ ಅಂಟಿಸಿ ಚೀಟಿ ಹಚ್ಚಿದ ಹಾಳೆ, ಕೈಗೆ ಬಂದರೆ ನಾನು ಮೊದಲು ಚೀಟಿ ಓದುತ್ತೇನೆ, ಗಿಡ ಆಮೇಲೆ. ಊರು, ತಾರೀಖು, ಕಿತ್ತವರ ಹೆಸರು, ಅವರ ನಂಬರು ಇರಬೇಕು. ಇಲ್ಲದಿದ್ದರೆ ಅದು ಒಣ ಮೇವು ಅಷ್ಟೇ.

ಮಳೆಗಾಲದಲ್ಲಿ ನಮ್ಮ ಬಾಗಲಕೋಟೆಯ ವಿದ್ಯಾರ್ಥಿಗಳು ತಪ್ಪದೆ ತರುವ ಕಸದ ಗಿಡ ಒಂದಿದೆ. ಹಳದಿ ಹೂ, ನಾಲ್ಕು ಎಸಳು, ಉದ್ದನೆಯ ಕಾಯಿ. ಚೀಟಿಯಲ್ಲಿ ‘ಕಾಡು ಸಾಸಿವೆ’ ಅಂತ ಬರೆದಿರುತ್ತಾರೆ. ಅದು ನಾಯಿ ಸಾಸಿವೆ, ಕುಟುಂಬವೇ ಬೇರೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಘಾಟು ವಾಸನೆ. ಒಂದು ತೊಟ್ಟಿಗೆ ಮೂರೋ ಐದೋ ಎಲೆ. ಸಾಸಿವೆ ಹೂ ಬಿಡಿಸಿ ನೋಡಿ, ಕೇಸರ ಆರೇ ಆರು: ನಾಲ್ಕು ಉದ್ದ, ಎರಡು ಗಿಡ್ಡ. ನಾಯಿ ಸಾಸಿವೆಯಲ್ಲಿ ಅದಕ್ಕಿಂತ ಜಾಸ್ತಿ. ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿದ ಮೇಲೆ ಹೂವಿನ ಬಣ್ಣ, ವಾಸನೆ ಎರಡೂ ಉಳಿಯುವುದಿಲ್ಲ. ಅದಕ್ಕೇ ಹೊಲದಲ್ಲಿ ನಿಂತಾಗಲೇ ಬರೆದುಕೊಳ್ಳಬೇಕು. ನಿಜವಾದ ಸಾಸಿವೆಯಾದರೂ ಬರೀ ಹೂ ನೋಡಿ ಜಾತಿ ಹೇಳುವುದು ಕಷ್ಟ. ಬಲಿತ ಕಾಯಿ, ಅದರ ತುದಿಯ ಕೊಕ್ಕು, ಬುಡದ ಎಲೆ ಬೇಕೇ ಬೇಕು. ಬೇರು ಸಮೇತ ಕೀಳಿ ಅಂತ ಎಷ್ಟು ಹೇಳಿದರೂ ಹುಡುಗರು ತುದಿ ಚಿವುಟಿ ತರುತ್ತಾರೆ!

ಇನ್ನು ಊರಿನ ಹೆಸರು. ನಮ್ಮ ಕಡೆ ಇದೇ ದೊಡ್ಡ ತಲೆನೋವು. 1885ರವರೆಗೆ ನಮ್ಮ ಜಿಲ್ಲೆಯ (ಆಮೇಲೆ ಅದೇ ಬಿಜಾಪುರ ಜಿಲ್ಲೆ) ಕೇಂದ್ರ ಕಲಾದಗಿ. ಹಾಗಾಗಿ ಅದಕ್ಕಿಂತ ಹಳೆಯ ಚೀಟಿಯಲ್ಲಿ ‘ಕಲಾದಗಿ’ ಅಂತಿದ್ದರೆ ಅದು ಊರೂ ಆಗಬಹುದು, ಇಡೀ ಜಿಲ್ಲೆಯೂ ಆಗಬಹುದು. ಬಾಗಲಕೋಟೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ಬಾದಾಮಿಯ ಗಿಡವೂ ‘ಬಿಜಾಪುರ ಜಿಲ್ಲೆ’ಯದೇ. ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಇದೆ. ನಕ್ಷೆ ಮಾಡಲು ಕಂಪ್ಯೂಟರಿಗೆ ಬರೀ ಹೆಸರು ಕೊಟ್ಟರೆ ನಮ್ಮ ಗಿಡ ಅಲ್ಲಿಗೆ ಹೋಗಿ ಕೂತರೂ ಆಶ್ಚರ್ಯವಿಲ್ಲ. 1956ರವರೆಗೆ ಬೆಳಗಾವಿ, ಬಿಜಾಪುರ ಎರಡೂ ಮುಂಬೈಗೆ ಸೇರಿದ್ದವು ಅಲ್ವಾ? ಹಳೇ ಶೀಟು ಹುಡುಕುವವರು ಬೆಂಗಳೂರಿಗಿಂತ ಮೊದಲು ಪುಣೆ, ಮುಂಬೈ ನೋಡಬೇಕು. ಬಾಗಲಕೋಟೆಯ ನದಿ ದಂಡೆಯಲ್ಲಿ ಆಗ ಕಿತ್ತ ಗಿಡದ ಜಾಗ ಇವತ್ತು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿರಬಹುದು. ಗಿಡ ಅಲ್ಲಿತ್ತು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಆ ಶೀಟೇ.

ಕಸದ ಗಿಡಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಅಮೆರಿಕದ ಮರುಭೂಮಿಯಲ್ಲಿ ಸಹಾರಾ ಸಾಸಿವೆ ಈಗ ದೊಡ್ಡ ಪೀಡೆ. ಅದರ ಬೀಜ ನೆನೆದರೆ ಲೋಳೆಯಾಗಿ ಗಾಡಿಗಳಿಗೂ ಅಂಟಿಕೊಂಡು ಊರೂರು ಸುತ್ತುತ್ತದೆ. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ ಅದು 1927ರಲ್ಲೇ ಇತ್ತು ಅಂತ ಗೊತ್ತಾಗುವುದು ಶೀಟಿನಿಂದ. ಅಲ್ಲಿಂದ ಎತ್ತ ಹರಡಿತು ಅನ್ನುವುದನ್ನೂ ಶೀಟುಗಳ ತಾರೀಖು ಜೋಡಿಸಿಯೇ ನೋಡುತ್ತಾರೆ.

ನಮ್ಮಲ್ಲಿ ಎಲ್ಲರೂ ಅಪರೂಪದ ಗಿಡದ ಹಿಂದೆಯೇ ಓಡುತ್ತಾರೆ. ಕಸ ಕಿತ್ತು ಶೀಟು ಮಾಡುವವರು ಕಡಿಮೆ. ನಕ್ಷೆಯಲ್ಲಿ ಒಂದು ತಾಲ್ಲೂಕು ಖಾಲಿ ಕಂಡರೆ ಗಿಡ ಅಲ್ಲಿಲ್ಲ ಅಂತ ಸುಮ್ನೆ ತೀರ್ಮಾನಿಸಬೇಡಿ. ಅಲ್ಲಿಗೆ ಯಾರೂ ಹೋಗಿಲ್ಲದೆಯೂ ಇರಬಹುದು.

ಹಿಂಗಾರಿಯಲ್ಲಿ ಕಡಲೆ, ಕುಸುಬೆ ಹೊಲದಲ್ಲಿ ಸಾಸಿವೆ ಗಿಡ ಕಂಡರೆ ಒಂದು ಕೆಲಸ ಮಾಡಿ. ಬಿತ್ತಿದ್ದೋ, ತಾನಾಗಿ ಎದ್ದದ್ದೋ ಅಂತ ಹೊಲದವರನ್ನು ಕೇಳಿ, ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ. ಒಣಗಿದ ಗಿಡ ನೋಡಿ ಇದನ್ನು ಯಾರೂ ಹೇಳಲಾರರು.